ತೀರ್ಪಿನ 58ನೇ ಪುಟ

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಶುಕ್ರವಾರ ಸಂಜೆ 5 ಗಂಟೆ 10 ನಿಮಿಷಕ್ಕೆ ನಾನು ಪತ್ರಿಕೆಯ ಡೆಸ್ಕ್‌ಗೆ ಒಂದು ಸುದ್ದಿ ಕಳಿಸಿದೆ. ಮರುದಿನ ಬೆಳಗ್ಗೆ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯೊಂದರ ಶಟರ್‌ಗೆ ಯಾರೋ ಸಗಣಿ ಎರಚಿ, ಇದ್ದಿಲಿನಲ್ಲಿ ‘ಮಾರಿಕೊಂಡವನು’ ಎಂದು ಬರೆದಿದ್ದರು. ಆ ಅಂಗಡಿಯವರು ಕೊಲೆ ಪ್ರಕರಣವೊಂದರಲ್ಲಿ ಕಂಡದ್ದನ್ನು ಕಂಡಂತೆ ಹೇಳಿ, ಕೊನೆಯವರೆಗೂ ಆ ಮಾತಿಗೆ ನಿಂತವರು. ಅವರನ್ನು ಊರಿನ ಕಣ್ಣಿನಲ್ಲಿ ಸುಳ್ಳುಗಾರರನ್ನಾಗಿ ಮಾಡಿದ್ದು ನನ್ನ ಸುದ್ದಿಯ ಒಂದೇ ಒಂದು ವಾಕ್ಯ.

ನಾನು 2014ರ ಕೊನೆಯಿಂದ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರದಿಗಾರ್ತಿಯಾಗಿದ್ದೇನೆ; ಕೋರ್ಟ್ ಬೀಟ್ ನನ್ನದೇ. ಈ ಪ್ರಕರಣದ ಊರು, ವರ್ಷ, ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಒಮ್ಮೆ ಗುರುತು ಬಿಟ್ಟುಕೊಟ್ಟು ಆದ ಅನಾಹುತವೇ ಸಾಕಾಗಿದೆ.

ಸತ್ತವನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ. ಕೆರೆ ಅಂಗಳದಲ್ಲಿ ಶವ ಸಿಕ್ಕ ದಿನ ಅಂಗಡಿಗಳು ತಾವಾಗಿಯೇ ಮುಚ್ಚಿದ್ದವು, ಠಾಣೆಯ ಮುಂದೆ ರಾತ್ರಿ ಹನ್ನೊಂದರವರೆಗೆ ಜನ ಕದಲಿರಲಿಲ್ಲ. ಆರೋಪಿಗಳು ನಾಲ್ವರು. ವಿಚಾರಣೆ ವರ್ಷಗಟ್ಟಲೆ ನಡೆಯಿತು. ತೀರ್ಪಿನ ದಿನ ನ್ಯಾಯಾಧೀಶರು ಕೊನೆಯ ಭಾಗವನ್ನಷ್ಟೇ ಓದಿದರು: ಆರೋಪ ಸಂಶಯಾತೀತವಾಗಿ ರುಜುವಾತಾಗಿಲ್ಲ, ಆರೋಪಿಗಳನ್ನು ಬಿಡುಗಡೆ ಮಾಡಲಾಗಿದೆ. ಎರಡು ನಿಮಿಷವೂ ಆಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಹುಡುಗನ ತಾಯಿ ನನ್ನ ತೋಳು ಹಿಡಿದು, ‘ಏನಂದ್ರಮ್ಮಾ, ಏನಂದ್ರು?’ ಎಂದು ಕೇಳಿದರು. ನನಗಿಂತ ಮೊದಲು ಯಾರೋ ಹೇಳಿದರು. ಅವರು ಅಳಲಿಲ್ಲ, ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಹೊರಗೆ ಘೋಷಣೆ ಶುರುವಾಯಿತು.

ಆಗ ಗಂಟೆ 4.40. ಬೆಂಚ್ ಕ್ಲರ್ಕ್ ನನ್ನನ್ನು ಕಂಡು, ‘ಮೇಡಂ, ಆರು ಗಂಟೆವರೆಗೆ ಇರೋದಾದ್ರೆ ಒಂದ್ಸಲ ಓದ್ಕೊಂಡು ಹೋಗಿ, ಕಾಪಿ ಸಿಗೋದು ಸೋಮವಾರವೇ’ ಎಂದರು. ಮರುದಿನ ಎರಡನೇ ಶನಿವಾರ. ಅದೇ ಹೊತ್ತಿಗೆ ಡೆಸ್ಕ್‌ನಿಂದ ಮೂರನೇ ಕರೆ ಬಂತು: ಬೇರೆ ವೆಬ್‌ಗಳಲ್ಲಿ ಬಂದಾಯಿತು, ನಮ್ಮದೆಲ್ಲಿ? ಮೆಟ್ಟಿಲಿಳಿಯುತ್ತಿದ್ದ ಪಿಪಿಯವರನ್ನು (ಸರ್ಕಾರದ ಪರ ವಾದಿಸಿದ ಪಬ್ಲಿಕ್ ಪ್ರಾಸಿಕ್ಯೂಟರ್) ತಡೆದು ಕೇಳಿದೆ. ಅವರು ನಡೆಯುತ್ತಲೇ, ‘ಸಾಕ್ಷಿಗಳೇ ಕೈಕೊಟ್ರೆ ನಾವೇನ್ ಮಾಡೋಕಾಗುತ್ತೆ, ಹಾಸ್ಟೈಲ್ ಕೇಸ್ ಮೇಡಂ ಇದು’ ಎಂದು ಹೇಳಿ ಕಾರು ಹತ್ತಿದರು. ಹಾಸ್ಟೈಲ್ ಎಂದರೆ ಸಾಕ್ಷಿ ಮೊದಲು ಕೊಟ್ಟ ಹೇಳಿಕೆಗೆ ಕೋರ್ಟಿನಲ್ಲಿ ತಿರುಗಿಬೀಳುವುದು, ಪ್ರತಿಕೂಲನಾಗುವುದು.

ನಾನು ಆ ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬಿದ್ದೇಕೆ ಎಂದು ಆಮೇಲೆ ಬಹಳ ದಿನ ಯೋಚಿಸಿದ್ದೇನೆ. ನಮ್ಮ ಸೀಮೆಯಲ್ಲಿ ಆ ಮಾತಿಗೆ ಒಂದು ಚರಿತ್ರೆಯಿದೆ. 2000ನೇ ಇಸವಿಯ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಆಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು. 2006ರ ಡಿಸೆಂಬರ್‌ನಲ್ಲಿ ಸಾಕ್ಷಿಗಳು ಪ್ರತಿಕೂಲರಾದ ಕಾರಣ ಆರೋಪಿಗಳೆಲ್ಲರೂ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಖುಲಾಸೆಯ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಹಿರಿಯರು, ‘ಸಾಕ್ಷಿಗಳು ತಿರುಗಿಬಿದ್ದರಂತೆ’ ಎಂದು ಹೇಳಿಕೊಂಡು ಊಟ ಬಿಟ್ಟೆದ್ದದ್ದು ನನಗೆ ನೆನಪಿದೆ. ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಆರು ವರ್ಷ ಬದುಕಬೇಕಾಗಿದ್ದ ಆ ಸಾಕ್ಷಿಗಳ ಬೆನ್ನಿಗೆ ಯಾರಿದ್ದರು ಎಂದು ಅಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ದೇಶಕ್ಕೆ ಒಂದು ಸಾಕ್ಷಿ ರಕ್ಷಣಾ ಯೋಜನೆ ಎಂದು ಬಂದದ್ದೇ 2018ರ ಡಿಸೆಂಬರ್‌ನಲ್ಲಿ, ಅದೂ ಸುಪ್ರೀಂ ಕೋರ್ಟ್ ಒಪ್ಪಿ ಜಾರಿಗೆ ಹೇಳಿದ ಮೇಲೆ. ಖುಲಾಸೆ ಎಂದರೆ ಸಾಕ್ಷಿ ಕೈಕೊಟ್ಟಿರಬೇಕು ಎಂಬುದು ನನ್ನೊಳಗೆ ಬಾಲ್ಯದಿಂದಲೇ ಕುಳಿತಿತ್ತು. ಪಿಪಿಯವರ ಮಾತು ಅದಕ್ಕೆ ಸರಿಯಾಗಿ ಹೊಂದಿಕೊಂಡಿತು.

ಟೀ ಅಂಗಡಿಯವರ ಮುಖ್ಯ ವಿಚಾರಣೆಯ ದಿನ ನಾನು ಕೋರ್ಟ್ ಹಾಲ್‌ನಲ್ಲಿದ್ದೆ; ಪಾಟೀಸವಾಲಿನ ದಿನ ಇರಲಿಲ್ಲ. ಅಂದು ಅವರು ‘ಸಮಯ ಸರಿಯಾಗಿ ನೆನಪಿಲ್ಲ’ ಎಂದು ಹೇಳಿದರಂತೆ ಎಂದು ಸಹೋದ್ಯೋಗಿಯೊಬ್ಬರು ತಿಳಿಸಿದ್ದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆ ಒಂದು ಸಾಲನ್ನೂ ಪಿಪಿಯವರ ಮಾತನ್ನೂ ಜೋಡಿಸಿ ಕಾರಿಡಾರ್‌ನ ಕಿಟಕಿ ಕಟ್ಟೆಯ ಮೇಲೆ ಫೋನಿಟ್ಟುಕೊಂಡು ಬರೆದೆ: ‘ಆರೋಪಿಗಳನ್ನು ಕಂಡಿದ್ದಾಗಿ ಮೊದಲು ಹೇಳಿದ್ದ, ಬಸ್ ನಿಲ್ದಾಣದ ಬಳಿಯ ಟೀ ಅಂಗಡಿ ಮಾಲೀಕ ಸೇರಿದಂತೆ ಪ್ರಮುಖ ಸಾಕ್ಷಿಗಳು ತಿರುಗಿಬಿದ್ದಿದ್ದರಿಂದ ಪ್ರಕರಣ ಬಿದ್ದುಹೋಯಿತು.’ ಹೆಸರು ಬರೆದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ನಿಲ್ದಾಣದ ಬಳಿ ಇರುವುದು ಎರಡೇ ಟೀ ಅಂಗಡಿ. ಅವುಗಳಲ್ಲಿ ಒಂದು ಆಗಷ್ಟೇ ಹೊಸದಾಗಿ ಶುರುವಾಗಿತ್ತು.

ವೆಬ್‌ನಲ್ಲಿ ಬಂದ ಅರ್ಧ ಗಂಟೆಯೊಳಗೆ ಅದು ತಾಲ್ಲೂಕಿನ ಗ್ರೂಪ್‌ಗಳಲ್ಲೆಲ್ಲ ಓಡಾಡುತ್ತಿತ್ತು. ತೀರ್ಪಿನ ವಿರುದ್ಧ ಮೊದಲು ಹೊರಟ ಸಿಟ್ಟು ಏಳು ಗಂಟೆಯ ಹೊತ್ತಿಗೆ ನ್ಯಾಯಾಧೀಶರನ್ನೂ ಪೊಲೀಸರನ್ನೂ ಬಿಟ್ಟು ಒಬ್ಬ ಟೀ ಅಂಗಡಿಯವರ ಮೇಲೆ ತಿರುಗಿತು, ಏಕೆಂದರೆ ಕೈಗೆಟಕುವ ದೂರದಲ್ಲಿ ಇದ್ದವರು ಅವರೊಬ್ಬರೇ.

ರಾತ್ರಿ 9 ಗಂಟೆ 5 ನಿಮಿಷಕ್ಕೆ ಅವರೇ ಫೋನ್ ಮಾಡಿದರು. ಬೈಗುಳವಿಲ್ಲ, ಕೂಗಾಟವಿಲ್ಲ. ‘ಅಮ್ಮಾ, ನಾನ್ ಯಾವತ್ತು ತಿರುಗಿಬಿದ್ದೆ? ನೀವೂ ಅವತ್ತು ಇದ್ರಲ್ಲ?’ ಎಂದರು. ನಮ್ಮ ಜಿಲ್ಲಾ ಪುಟ ಮುದ್ರಣಕ್ಕೆ ಹೋಗುವುದು 9.45ಕ್ಕೆ. ನನ್ನ ಬಳಿ ನಲವತ್ತು ನಿಮಿಷ ಪೂರ್ತಿ ಇತ್ತು. ಪಿಪಿಯವರಿಗೆ ನಾಲ್ಕು ಬಾರಿ ಕರೆ ಮಾಡಿದೆ, ಎತ್ತಲಿಲ್ಲ. ಡೆಸ್ಕ್‌ಗೆ ಮಾಡಿದೆ. ಪುಟ ನೋಡಿಕೊಳ್ಳುವ ಚೀಫ್ ಸಬ್ ಎಡಿಟರ್ ಕೇಳಿದ ಪ್ರಶ್ನೆ ಒಂದೇ: ‘ಪಿಪಿ ಹೇಳಿದ್ದು ತಾನೇ?’ ಹೌದು ಎಂದೆ. ‘ಹಾಗಾದರೆ ಬಿಡಿ, ಪುಟ ಒಡೆಯೋಕಾಗಲ್ಲ’ ಎಂದರು. ಪುಟ ಒಡೆಯಬೇಕಾಗಿರಲಿಲ್ಲ. ಟೀ ಅಂಗಡಿಯ ಉಲ್ಲೇಖವಿದ್ದ ಅರ್ಧ ವಾಕ್ಯವನ್ನು ಕಿತ್ತುಹಾಕಿ ಎಂದಿದ್ದರೆ ಸಾಕಿತ್ತು. ಹಾಗೆಂದು ಒತ್ತಾಯಿಸಿದರೆ ನನ್ನ ಸುದ್ದಿಯ ಬುಡವೇ ಅಲುಗಾಡುತ್ತದೆ ಎಂಬ ಭಯಕ್ಕೆ ನಾನು ಬಾಯಿ ಮುಚ್ಚಿಕೊಂಡೆ. 9.45 ಆಯಿತು, 9.50 ಆಯಿತು, ಪುಟ ಹೋಯಿತು. ಅವರಿಗೆ ಮತ್ತೆ ಫೋನ್ ಮಾಡಿ, ‘ಸೋಮವಾರ ತೀರ್ಪು ನೋಡಿ ಹೇಳ್ತೀನಿ’ ಎಂದೆ. ‘ಸರಿಯಮ್ಮ’ ಎಂದರು.

ಸೋಮವಾರ ಮಧ್ಯಾಹ್ನ ತೀರ್ಪು ಕೈಗೆ ಬಂತು, 74 ಪುಟ. ಟೀ ಅಂಗಡಿಯವರು ಪಿಡಬ್ಲ್ಯೂ-7, ಅಂದರೆ ಪ್ರಾಸಿಕ್ಯೂಷನ್‌ನ ಏಳನೇ ಸಾಕ್ಷಿ. 58ನೇ ಪುಟದಲ್ಲಿ ನ್ಯಾಯಾಧೀಶರು ಅವರ ಸಾಕ್ಷ್ಯವನ್ನು ನಂಬದಿರಲು ಯಾವ ಕಾರಣವೂ ಇಲ್ಲ, ಪಾಟೀಸವಾಲಿನಲ್ಲೂ ಅದು ಅಲುಗಾಡಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಆದರೆ ಅವರು ಹೇಳಿದ್ದು ಆ ರಾತ್ರಿ ಎಂಟೂವರೆಯ ಸುಮಾರಿಗೆ ಹುಡುಗನನ್ನು ಆರೋಪಿಗಳ ಜೊತೆ ಕಂಡೆ ಎಂದಷ್ಟೇ. ಶವ ಸಿಕ್ಕದ್ದು ಎರಡು ದಿನ ಬಿಟ್ಟು. ನಡುವೆ ಅಷ್ಟು ಸಮಯವಿದ್ದಾಗ, ಕೊನೆಯದಾಗಿ ಜೊತೆಗೆ ಕಂಡರು ಎಂಬುದೊಂದರ ಮೇಲೆಯೇ ಶಿಕ್ಷೆ ಕೊಡಲಾಗದು.

ಮಿಕ್ಕ ಕೊಂಡಿಗಳನ್ನು ಒದಗಿಸಬೇಕಾದದ್ದು ತನಿಖೆ. ಕೋರ್ಟಿನಲ್ಲಿ ಎಂಓ-2 ಎಂದು ಗುರುತಿಸಿದ ಚಾಕುವಿನ ಮೇಲೆ, ವಶಪಡಿಸಿಕೊಂಡಾಗ ಬರೆದ ಮಹಜರಿನಲ್ಲಿ ಕಾಣಿಸಿದ ಮೊಹರೇ ಬೇರೆ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ಸ್ವೀಕೃತಿಯಲ್ಲಿದ್ದ ಮೊಹರೇ ಬೇರೆ. ಚಾಕು ಪ್ರಯೋಗಾಲಯ ತಲುಪಿದ್ದು 41 ದಿನಗಳ ನಂತರ. ಅಲ್ಲಿಯವರೆಗೆ ಅದು ಯಾರ ವಶದಲ್ಲಿತ್ತು ಎಂಬುದಕ್ಕೆ ಠಾಣೆಯ ಪುಸ್ತಕದಲ್ಲಿ ನಮೂದಿರಲಿಲ್ಲ. ಪೆಟ್ರೋಲ್ ಬಂಕಿನ ಸಿಸಿ ಕ್ಯಾಮೆರಾ ದೃಶ್ಯಕ್ಕೆ, ಎಲೆಕ್ಟ್ರಾನಿಕ್ ನಕಲನ್ನು ದೃಢೀಕರಿಸುವ, ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಲಗತ್ತಿಸಿರಲಿಲ್ಲ. ಅದಿಲ್ಲದೆ ನಕಲು ಡಿಸ್ಕ್ ಸಾಕ್ಷ್ಯವಾಗದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿ, 2020ರಲ್ಲಿ ಮತ್ತೆ ಖಚಿತಪಡಿಸಿದೆ. ಪ್ರತಿಕೂಲರಾದವರು ಇದ್ದದ್ದು ನಿಜ: ಚಾಕು ವಶಪಡಿಸಿಕೊಂಡ ಮಹಜರಿಗೆ ಸಾಕ್ಷಿಗಳಾಗಿ ಸಹಿ ಹಾಕಿದ್ದ ಇಬ್ಬರು ಪಂಚರು. ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು ಎಂದು ಅವರು ಹೇಳಿದ್ದರು. ಪಿಪಿಯವರು ‘ಹಾಸ್ಟೈಲ್’ ಎಂದದ್ದು ಆ ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬಹುದು. ಟೀ ಅಂಗಡಿಯವರನ್ನು ಆ ಸಾಲಿಗೆ ಸೇರಿಸಿದವಳು ನಾನು.

74 ಪುಟಗಳಲ್ಲಿ ಹುಡುಗನ ತಾಯಿ ತಿಳಿಯಬೇಕಾಗಿದ್ದ ಎಲ್ಲವೂ ಇತ್ತು: ಮೊಹರು ಯಾರು ಹಾಕಬೇಕಿತ್ತು, ಪ್ರಮಾಣಪತ್ರ ಯಾರು ತರಬೇಕಿತ್ತು, ಯಾರು ತರಲಿಲ್ಲ. 2014ರ ಜನವರಿ 7ರಂದು, ಗುಜರಾತಿನ ಆರು ವರ್ಷದ ಬಾಲಕಿಯೊಬ್ಬಳ ಕೊಲೆ ಪ್ರಕರಣದಲ್ಲಿ ಖುಲಾಸೆಯನ್ನು ಭಾರವಾದ ಮನಸ್ಸಿನಿಂದ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಪ್ರತಿಯೊಂದು ಖುಲಾಸೆಯ ಕಾರಣವನ್ನೂ ಪೊಲೀಸ್ ಮತ್ತು ಪ್ರಾಸಿಕ್ಯೂಷನ್ ಇಲಾಖೆಗಳ ಹಿರಿಯ ಅಧಿಕಾರಿಗಳು ಪರಿಶೀಲಿಸಬೇಕು, ನಿರ್ಲಕ್ಷ್ಯ ಕಂಡರೆ ತನಿಖಾಧಿಕಾರಿಯ ಮೇಲೆ ಇಲಾಖಾ ಕ್ರಮ ಜರುಗಿಸಬೇಕು, ಅದಕ್ಕೆ ಆರು ತಿಂಗಳೊಳಗೆ ವ್ಯವಸ್ಥೆ ಮಾಡಬೇಕು ಎಂದು ಎಲ್ಲ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತ್ತು. ಕೋರ್ಟ್ ಬೀಟಿನಲ್ಲಿ ಇಷ್ಟು ವರ್ಷ ಕಳೆದೂ ಒಂದೇ ಒಂದು ಖುಲಾಸೆಯ ನಂತರ ಆ ಪರಿಶೀಲನೆ ಆಯಿತೇ ಎಂದು ನಾನು ಯಾವ ಅಧಿಕಾರಿಯನ್ನೂ ಕೇಳಿರಲಿಲ್ಲ. ತೀರ್ಪಿನ ವಿರುದ್ಧ ಧರಣಿ ಕುಳಿತವರಿಗೂ ಕೇಳಲು ತೋಚಲಿಲ್ಲ, ಏಕೆಂದರೆ ಅಂಥದ್ದೊಂದು ಪ್ರಶ್ನೆಯಿದೆ ಎಂದು ಅವರಿಗೆ ತಿಳಿಸಬೇಕಾದವರು ನಾವು.

ಜನರ ಸಿಟ್ಟಿನ ಬಗ್ಗೆ ನನಗೆ ಗೌರವವಿದೆ. 2015ರ ಮಾರ್ಚ್‌ನಲ್ಲಿ, ಈ ಹಿಂದೆ ಕೋಲಾರದ ಜಿಲ್ಲಾಧಿಕಾರಿಯಾಗಿದ್ದ ಡಿ.ಕೆ. ರವಿಯವರು ಬೆಂಗಳೂರಿನಲ್ಲಿ ಸತ್ತ ಸುದ್ದಿ ಬಂದಾಗ ಈ ಊರು ಬೀದಿಗಿಳಿದದ್ದನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಣ್ಣಾರೆ ಕಂಡೆ. ತನಿಖೆಯನ್ನು ಸರ್ಕಾರ ಸಿಬಿಐಗೆ ಒಪ್ಪಿಸಿದ್ದರಲ್ಲಿ ಆ ಒತ್ತಡದ ಪಾಲು ದೊಡ್ಡದು. ಸಿಬಿಐ ಅದು ಆತ್ಮಹತ್ಯೆ ಎಂಬ ತೀರ್ಮಾನಕ್ಕೆ ಬಂದಾಗ ಅದನ್ನು ವಿವರವಾಗಿ ಓದಿಸುವ ಶ್ರಮವನ್ನು ನಮ್ಮಲ್ಲಿ ಹೆಚ್ಚಿನವರು ಪಡಲಿಲ್ಲ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ, ಅಲ್ಲಿ ಜನ ಪೊಲೀಸರ ಮೇಲೆ ಹೂವು ಸುರಿದರು. ಇಲ್ಲಿ ನಾನು ಬಸ್ ನಿಲ್ದಾಣದಲ್ಲಿ ಹತ್ತು ಜನರ ಸಂತೋಷದ ಮಾತು ಸಂಗ್ರಹಿಸಿ ಫೋಟೊ ಸಮೇತ ಬಾಕ್ಸ್ ಮಾಡಿದೆ. 2022ರ ಮೇನಲ್ಲಿ, ಆ ಗುಂಡಿನ ದಾಳಿಯ ವಿಚಾರಣೆ ನಡೆಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗದ ವರದಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದು ಅದು ಹೇಳಿತ್ತು. ಅಂದು ನನ್ನನ್ನು ಯಾರೂ ಬಸ್ ನಿಲ್ದಾಣಕ್ಕೆ ಕಳಿಸಲಿಲ್ಲ. ನಾನಾಗಿಯೂ ಹೋಗಲಿಲ್ಲ.

ತಿದ್ದುಪಡಿಯ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಸೋಮವಾರ ಸಂಜೆ ತೀರ್ಪಿನ ಆಧಾರದಲ್ಲಿ ಪೂರ್ತಿ ಸುದ್ದಿ ಬರೆದು, ಅದೇ ಜಾಗದಲ್ಲಿ, ಅಷ್ಟೇ ಅಗಲಕ್ಕೆ ಹಾಕಿ ಎಂದು ಕೇಳಿದೆ. ಮೇಲಿನವರು ಅದನ್ನು ವಕೀಲರಿಗೆ ತೋರಿಸಬೇಕೆಂದರು. ನಾಲ್ಕು ದಿನ ಹೋಯಿತು. ಕೊನೆಗೆ ಆರನೇ ಪುಟದ ಕೆಳಮೂಲೆಯಲ್ಲಿ ಮೂರು ಸಾಲು ಬಂತು. ವೆಬ್‌ನಲ್ಲಿ ವಾಕ್ಯವನ್ನು ಸದ್ದಿಲ್ಲದೆ ತೆಗೆದರು, ತೆಗೆದಿದ್ದೇವೆ ಎಂದು ಬರೆಯಲಿಲ್ಲ. ಗ್ರೂಪ್‌ಗಳಲ್ಲಿ ಓಡುತ್ತಿದ್ದ ಸ್ಕ್ರೀನ್‌ಶಾಟ್ ಹಾಗೆಯೇ ಓಡಿತು. ಮೂರು ಸಾಲಿನ ಪುಟವನ್ನೂ ತೀರ್ಪಿನ 58ನೇ ಪುಟದ ಜೆರಾಕ್ಸನ್ನೂ ಹಿಡಿದುಕೊಂಡು ನಾನೇ ಅಂಗಡಿಗೆ ಹೋದೆ. ಅವರ ಮಗಳು ಜೆರಾಕ್ಸಿಗೆ ಪ್ಲಾಸ್ಟಿಕ್ ಹೊದಿಸಿ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದಳು. ಓದಿದವರು ಎಷ್ಟು ಜನವೋ. ಬೆಳಗಿನ ಹೊತ್ತು ಬರುತ್ತಿದ್ದ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಹಲವು ತಿಂಗಳು ಎದುರಿನ ಅಂಗಡಿಯಲ್ಲೇ ಟೀ ಕುಡಿದರು.

ಈಗ ತೀರ್ಪು ಓದದೆ ‘ಏಕೆ ಖುಲಾಸೆ’ ಎಂಬ ಸಾಲನ್ನು ನಾನು ಬರೆಯುವುದಿಲ್ಲ. ಆದೇಶವನ್ನಷ್ಟೇ ಕಳಿಸಿ, ಕಾರಣ ತೀರ್ಪಿನ ಪ್ರತಿ ಬಂದ ಮೇಲೆ ಎನ್ನುತ್ತೇನೆ. ಇದಕ್ಕಾಗಿ ಬೈಸಿಕೊಂಡಿದ್ದೇನೆ, ಎರಡು ಬಾರಿ ಮೆಮೊ ಪಡೆದಿದ್ದೇನೆ. ಸಾಕ್ಷಿಯ ಕಸುಬು, ಅಂಗಡಿ, ಬೀದಿ ಯಾವುದನ್ನೂ ಬರೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯವಾಗಿದೆ; ಹೊಸ ಪ್ರಕರಣಗಳಲ್ಲಿ ಅದು ಆಯಿತೇ ಎಂದು ತೀರ್ಪಿನ ದಿನದವರೆಗೆ ಕಾಯದೆ ಮೊದಲೇ ಕೇಳುತ್ತಿದ್ದೇನೆ. ಹುಡುಗನ ತಾಯಿಗೆ, ಸರ್ಕಾರ ಸುಮ್ಮನಿದ್ದರೂ ಅವರೇ ಹೈಕೋರ್ಟ್‌ಗೆ ಮೇಲ್ಮನವಿ ಹಾಕಬಹುದು, 2009ರ ಡಿಸೆಂಬರ್ 31ರಿಂದ ಆ ಹಕ್ಕು ಇದೆ ಎಂದು ತಡವಾಗಿಯಾದರೂ ಹೇಳಿದೆ. ಅವರಿಗೆ ಅದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಮೇಲ್ಮನವಿ ದಾಖಲಾಗಿದೆ.

ಕಳೆದ ತಿಂಗಳು ಆ ಕಡೆ ಹೋದಾಗ ಟೀ ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ಒಂದು ಕಾಗದ ತೆಗೆದು ಕೊಟ್ಟರು. ಅವರ ಅಂಗಡಿ ಮುಂದೆಯೇ ನಡೆದ ಅಪಘಾತವೊಂದರ ಪ್ರಕರಣದಲ್ಲಿ ಸಾಕ್ಷಿ ಹೇಳಲು ಬಂದ ಸಮನ್ಸ್ ಅದು. ಹೆಂಡತಿ ಬೇಡ ಎನ್ನುತ್ತಿದ್ದಾರೆ, ಮಗಳು ಹೋಗು ಎನ್ನುತ್ತಿದ್ದಾಳೆ ಎಂದರು. ನಾನು ಕಾಗದವನ್ನು ಎರಡು ಸಲ ಓದಿದೆ, ಏನು ಹೇಳಬೇಕೆಂದು ತಿಳಿಯಲಿಲ್ಲ.

‘ಹೋಗ್ತೀನಮ್ಮ, ಕಂಡಿದ್ದೀನಲ್ಲ,’ ಎಂದು ಅವರೇ ಹೇಳಿ, ಕಾಗದ ಮಡಚಿಟ್ಟುಕೊಂಡು ಕೇಳಿದರು: ‘ಪೇಪರ್‌ನಾಗೆ ಬರಲ್ಲ ತಾನೆ?’

ಬರುವುದಿಲ್ಲ ಎಂದೆ.