ಕೆಂಚ ಮೋರಿ ದಾಟಿದ, ಅಕ್ಕಿಹಿಟ್ಟಿನ ದಯೆಯಿಂದ

ಇವತ್ತು ಬೆಳಿಗ್ಗೆ ಏಳೂಕಾಲಿಗೆ ನನ್ನ ಕುದುರೆ ಕೆಂಚ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಮೋರಿ ದಾಟಿದ. ಎಂಟಡಿ ಉದ್ದದ ಕಾಂಕ್ರೀಟ್ ಚಪ್ಪಡಿ, ಅಷ್ಟೇ. ಅದಕ್ಕೆ ಹಿಡಿದದ್ದು 48 ದಿನ. ‘ಒಂದು ಮಂಡಲ ಪೂರ್ತಿ ಆಯ್ತಲ್ಲ, ಇನ್ನು ಉದ್ಯಾಪನೆ ಮಾಡ್ಬಿಡು’ ಅಂದರು ಅಮ್ಮ.

ಹೋದ ಸಲ ಬರೆದಾಗ ಲಾಯಕ್ಕೆ ಶೀಟ್ ಹೊದಿಸುತ್ತಿದ್ದೆ. ಆಮೇಲಿನ ಕತೆಯಲ್ಲಿ ಮುಕ್ಕಾಲು ಪಾಲು ಕುದುರೆ ಸಾಕಿದ ನಿಮಗೆಲ್ಲ ಗೊತ್ತಿರುವಂಥದ್ದೇ. ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಇಲ್ಲವೆಂಬ ರಿಪೋರ್ಟಿಗೆ ಕಾದದ್ದು, ಬಂದ ಮೇಲೆ ಎರಡು ವಾರ ಬೇರೆ ಕಟ್ಟಿದ್ದು, ಹಳೇ ಮೇವಿಗೆ ಹೊಸ ಮೇವನ್ನು ದಿನಕ್ಕಿಷ್ಟು ಅಂತ ಬೆರೆಸಿದ್ದು, ರಾತ್ರಿ ಎರಡಕ್ಕೆದ್ದು ಟಾರ್ಚ್ ಹಿಡಿದು ಲದ್ದಿ ಎಣಿಸಿದ್ದು. ಅದನ್ನೆಲ್ಲ ಬಿಡುತ್ತೇನೆ.

ಕೆಂಚ ಮೈಸೂರಿನಲ್ಲಿ ರೇಸ್ ಓಡಿ ನಿವೃತ್ತನಾದ ಥರೋಬ್ರೆಡ್. ಬೀಜ ಒಡೆಸಿದ ಗಂಡು, ಏಳು ವರ್ಷ, ಎತ್ತರ 15.3 ಹ್ಯಾಂಡ್ಸ್, ಅಂದರೆ ಐದೂಕಾಲು ಅಡಿ. ಅವನ ಜೊತೆಯ ಚುಕ್ಕಿ ಮಾರ್ವಾಡಿ ಕ್ರಾಸ್ ಹೆಣ್ಣು, ಅರಸೀಕೆರೆ ಕಡೆ ಮದುವೆ ಮೆರವಣಿಗೆಗೆ ಹೋಗುತ್ತಿದ್ದವಳು. ಬ್ಯಾಂಡ್ ಸೆಟ್ಟು, ಪಟಾಕಿ, ಕುಡಿದು ಕುಣಿಯುವ ಗಂಡಿನ ಗೆಳೆಯರು, ಎಲ್ಲ ಕಂಡು ಪಳಗಿದ್ದಾಳೆ. ಪಕ್ಕದ ತೋಟದಲ್ಲಿ ಆನೆ ಓಡಿಸಲು ಪಟಾಕಿ ಸಿಡಿಸಿದರೆ ಕೆಂಚ ಅಂಗಳದಲ್ಲಿ ನಾಲ್ಕು ಸುತ್ತು ಓಡುತ್ತಾನೆ. ಇವಳು ದಿಬ್ಬಣ ಬಂತೆಂದು ಮುಂಗಾಲು ಎತ್ತಿ ಎತ್ತಿ ಹಾಕಲು ಶುರು ಮಾಡುತ್ತಾಳೆ.

ಮೇವಿನ ಬಗ್ಗೆ ಒಂದೇ ಮಾತು. ‘ಹಸುಗಳಿಗೆ ಬೆಳೆದ ನೇಪಿಯರ್ ಹುಲ್ಲು ರಾಶಿ ಇದೆಯಲ್ಲ, ಅದನ್ನೇ ಹಾಕಿ’ ಎಂದು ಕನಿಷ್ಠ ಆರು ಜನ ಬುದ್ಧಿ ಹೇಳಿದ್ದಾರೆ. ಹಾಕಬೇಡಿ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆದು ನಿಭಾಯಿಸುತ್ತವೆ, ಕುದುರೆಗೆ ಆ ಸೌಕರ್ಯ ಇಲ್ಲ. ಮೇಲಿಂದ ರಂಜಕ ತುಂಬಿದ ಗೋಧಿ ಬೂಸಾವನ್ನೂ ಸುರಿದರೆ ಮೂಳೆಯೊಳಗಿನ ಕ್ಯಾಲ್ಸಿಯಂ ಕರಗಿ ಮುಖದ ಮೂಳೆಯೇ ಊದಿಕೊಳ್ಳುತ್ತದೆ. ನಮ್ಮಲ್ಲಿ ಒಣಹುಲ್ಲು, ನೆನೆಸಿ ಬೇಯಿಸಿದ ಹುರುಳಿ, ಸಿಕ್ಕಿದಾಗ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು. ಹುರುಳಿ ಬೇಯಿಸಿದ ಕಟ್ಟು ಮಾತ್ರ ಕುದುರೆಗೆ ಹೋಗುವುದಿಲ್ಲ, ನಮ್ಮ ಸಾರಿಗೆ ಹೋಗುತ್ತದೆ. ಹಾಸನ ಜಿಲ್ಲೆಯಲ್ಲಿ ಹುಟ್ಟಿ ಹುರುಳಿ ಕಟ್ಟು ಚೆಲ್ಲುವಷ್ಟು ಪಾಪ ನಾನು ಮಾಡಿಲ್ಲ.

ಈಗ ಮೋರಿ. ನಮ್ಮದು ಅರೇಹಳ್ಳಿ ಕಡೆ, ಸುತ್ತಲೂ ಕಾಫಿ. ಮನೆ ಮುಂದಿನ ಕಣ ಬಿಟ್ಟರೆ ಸವಾರಿಗೆ ಇರುವುದು ಗದ್ದೆ ಬದಿಯ ಗಾಡಿ ದಾರಿ ಒಂದೇ. ಅಲ್ಲಿಗೆ ಹೋಗಬೇಕಾದರೆ ತೋಟದ ದಾರಿಯಲ್ಲಿ ಇಳಿದು, ಕೊನೆಗೆ ಕಪ್ಪಿನ (ನೀರು ಹರಿಯುವ ಕಾಲುವೆಯ) ಮೇಲೆ ಹಾಕಿದ ಚಪ್ಪಡಿ ದಾಟಬೇಕು. ಬಂದ ದಿನ ಲಾರಿ ಹಿಂದಿನ ಗೇಟಿನಿಂದ ಒಳಗೆ ಬಂದದ್ದರಿಂದ ಕೆಂಚ ಈ ದಾರಿ ನೋಡಿಯೇ ಇರಲಿಲ್ಲ.

ಕಣದಲ್ಲಿ ಅವನು ಬಂಗಾರ. ವಾಕ್, ಟ್ರಾಟ್ ಎಂಬ ಕುಕ್ಕುಲೋಟ, ಎರಡೂ ಕಡೆಗೆ ಕ್ಯಾಂಟರ್ ಎಂಬ ಹದವಾದ ಓಟ, ರೇಸ್ ಕುದುರೆ ಎಂದು ಯಾರೂ ನಂಬುವ ಹಾಗಿಲ್ಲ. ಫೆಬ್ರವರಿ ಮೊದಲ ವಾರ ಧೈರ್ಯ ಮಾಡಿ ದಾರಿಗಿಳಿಸಿದೆ. ಚಪ್ಪಡಿಗೆ ಹತ್ತು ಹೆಜ್ಜೆ ಇರುವಾಗ ನಿಂತ. ಲಾರಿ ಹ್ಯಾಂಡ್ ಬ್ರೇಕ್ ಎಳೆದ ಹಾಗೆ. ಕಾಲು ಒತ್ತಿದೆ, ಬಾಲ ಬೀಸಿದ. ಮತ್ತೆ ಒತ್ತಿದೆ, ಹಿಂದೆ ಹಿಂದೆ ಬಂದು ಮೆಣಸಿನ ಬಳ್ಳಿಗೆ ನನ್ನನ್ನು ಒರೆಸಿದ. ಇಳಿದು ಎಳೆದರೂ ಇಲ್ಲ. ಮರುದಿನ ಹದಿನೈದು ಹೆಜ್ಜೆ ಮೊದಲೇ ನಿಂತ. ಅದರ ಮರುದಿನ ದಾರಿ ಇಳಿಯುವ ಜಾಗದಲ್ಲೇ.

ಜೊತೆ ಬಿಟ್ಟು ಬರಲಾರ ಅಂದುಕೊಂಡು ತಂಗಿಯ ಮಗಳನ್ನು ಚುಕ್ಕಿಯ ಮೇಲೆ ಕೂರಿಸಿ ಮುಂದೆ ಬಿಟ್ಟೆ. ಚುಕ್ಕಿ ಟಕಟಕನೆ ದಾಟಿ ಆಚೆ ಹುಲ್ಲು ಮೇಯತೊಡಗಿದಳು. ಈಚೆ ಕೆಂಚ ಹೇಷಾರವ ಮಾಡಿ ಊರು ಎಬ್ಬಿಸಿದನೇ ಹೊರತು ಹೆಜ್ಜೆ ಕೀಳಲಿಲ್ಲ. ಪಕ್ಕದ ತೋಟದವರು ‘ಆನೆ ದಾಟಿದ ಜಾಗ ಸ್ವಾಮಿ, ವಾಸನೆ ಹತ್ತಿರುತ್ತೆ’ ಅಂದರು. ಇರಬಹುದು ಅನ್ನಿಸಿತು. ಇಲ್ಲಿ ಜೀನು ಕಟ್ಟುವ ಮೊದಲು ಫೋನಿನಲ್ಲಿ ಆನೆ ಎಲ್ಲಿದೆ ಎಂಬ ಮೆಸೇಜ್ ನೋಡುವುದು, ಬೆಂಗಳೂರಿನವರು ಟ್ರಾಫಿಕ್ ನೋಡಿದಷ್ಟೇ ಮಾಮೂಲು. ಆದರೆ ಆನೆ ಅರೇಹಳ್ಳಿ ಬಿಟ್ಟು ಸಕಲೇಶಪುರದ ಕಡೆ ಹೋದ ವಾರವೂ ಇವನು ಅಲ್ಲೇ ನಿಂತ.

ಆಮೇಲೆ ಹಿಡಿದದ್ದು ಕಣ್ಣಿನ ಸಿದ್ಧಾಂತ. ಕುದುರೆಗೆ ಸುತ್ತ ಮುತ್ತ ಹೆಚ್ಚೂಕಡಿಮೆ ಎಲ್ಲ ಕಾಣುತ್ತದೆ, ಮೂಗಿನ ಕೆಳಗೇ ಇರುವುದು, ಬಾಲದ ನೇರ ಹಿಂದೆ ಇರುವುದು ಮಾತ್ರ ಕಾಣುವುದಿಲ್ಲ. ಬಿಸಿಲಿಂದ ನೆರಳಿಗೆ ಬಂದರೆ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೆಚ್ಚು ಹೊತ್ತು ಬೇಕು. ಸಿಲ್ವರ್ ಓಕ್ ನೆರಳು, ಪಕ್ಕದಲ್ಲಿ ಕಪ್ಪಿನ ಕತ್ತಲು, ಮೇಲೆ ಬಿಳಿ ಚಪ್ಪಡಿ, ಗೊರಸು ಇಟ್ಟರೆ ಡಬಡಬ ಸದ್ದು. ಸಿಕ್ಕಿತು ಕಾರಣ ಎಂದು ಕುಣಿದಾಡಿದೆ. ಕೊಂಬೆ ಸವರಿಸಿದೆ. ಒಂದು ಟ್ರ್ಯಾಕ್ಟರ್ ಲೋಡು ಮಣ್ಣು ತರಿಸಿ ಚಪ್ಪಡಿ ಮೇಲೆ ಅರ್ಧ ಅಡಿ ಹರಡಿ, ನೀರು ಹೊಡೆದು ಗುಮ್ಮಿಸಿದೆ. ದಾರಿಯೂ ಮೋರಿಯೂ ಒಂದೇ ಬಣ್ಣ, ಸದ್ದಿಲ್ಲ. ಕೆಂಚ ಮೇಲಿಂದಲೇ ನೋಡಿದ, ಮೂಗು ಅರಳಿಸಿದ, ಬೆನ್ನು ತಿರುಗಿಸಿದ.

ಹೂಮಳೆ ಬಂದು ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು ಘಮಘಮ ಅನ್ನುತ್ತಿದ್ದ ರಾತ್ರಿ. ಬೆಳಿಗ್ಗೆ ಐದೂವರೆಗೆ ಲಾಯಕ್ಕೆ ಹೋದರೆ ಚುಕ್ಕಿ ಒಬ್ಬಳೇ. ಕೆಂಚ ಅಗುಳಿಯನ್ನು ಹಲ್ಲಲ್ಲಿ ಎಳೆದು ಹೊರಟುಹೋಗಿದ್ದ. ನನಗೆ ಮೊದಲು ನೆನಪಾದದ್ದು ಆನೆ, ಆಮೇಲೆ ಟಾರ್ ರಸ್ತೆ. ಬರಿಗಾಲಲ್ಲಿ ಓಡಿದೆ. ದೊರೆ ಗದ್ದೆಯಲ್ಲಿ ನಿಂತು, ಕೊಯ್ಲಾದ ಕೂಳೆಯ ನಡುವೆ ಹೊಸದಾಗಿ ಚಿಗುರಿದ ಹುಲ್ಲು ಮೇಯುತ್ತಿದ್ದಾನೆ, ಪಕ್ಕದಲ್ಲಿ ನಾಲ್ಕು ಬೆಳ್ಳಕ್ಕಿ. ಗದ್ದೆ ಇರುವುದು ಮೋರಿಯ ಆಚೆ.

ವಾಪಸು ಬರುವಾಗ ಮೋರಿ ಹತ್ತಿರ ಕೂತು ನೋಡಿದೆ. ಒಂದು ಲೋಡು ಮಣ್ಣು ಕೊನೆಗೂ ಒಂದು ಉಪಕಾರ ಮಾಡಿತ್ತು. ಮಳೆಗೆ ಮೆತ್ತಗಾಗಿ, ಹೆಜ್ಜೆಗಳನ್ನು ಅಚ್ಚೊತ್ತಿದ ಹಾಗೆ ಇಟ್ಟುಕೊಂಡಿತ್ತು. ಲಾಳದ ಗುರುತು, ಮೊಳೆ ತಲೆಗಳ ಸಾಲು ಸಹಿತ. ಚುಕ್ಕಿಗೆ ಲಾಳ ಇಲ್ಲ, ಹಾಗಾಗಿ ಅನುಮಾನವೇ ಇಲ್ಲ. ಒಂದೇ ಅಳತೆಯ ಹೆಜ್ಜೆ, ನೇರ ಗೆರೆ. ನಿಂತದ್ದಿಲ್ಲ, ಕೆರೆದದ್ದಿಲ್ಲ, ಹಾರಿದ್ದಿಲ್ಲ. ಅದೂ ಕತ್ತಲಲ್ಲಿ, ಒಬ್ಬನೇ.

ಅಂದರೆ ಮೋರಿಯದ್ದೇನೂ ತಪ್ಪಿಲ್ಲ. ಆಗ ಹೊಳೆದದ್ದು: ಜೀನಿಲ್ಲದೆ ಅವನನ್ನು ಆ ದಾರಿಗೆ ನಾನು ಒಮ್ಮೆಯೂ ಒಯ್ದಿರಲಿಲ್ಲ. ಮತ್ತು ಆ ದಾರಿ ಇಳಿಜಾರು. ಕಣ ಸಪಾಟು.

ಲಾಯಕ್ಕೆ ಬಂದು, ಕತ್ತಿನ ಬುಡದಲ್ಲಿ ಬೆನ್ನು ಉಬ್ಬಿರುವ ಕಡೆ, ಅಂದರೆ ವಿದರ್ಸ್‌ನ ಎರಡೂ ಪಕ್ಕ ಬೆರಳಿಟ್ಟು ಒತ್ತಿದೆ. ಚರ್ಮ ನೊಣ ಕೂತ ಹಾಗೆ ಪಟಪಟ ಅದುರಿತು, ಕಿವಿ ಹಿಂದಕ್ಕೆ ಹೋಯಿತು. ಬಂದ ದಿನ ಒತ್ತಿ ನೋಡಿದಾಗ ಏನೂ ಇರಲಿಲ್ಲ. ಇದು ನಾನು ಕೊಟ್ಟ ನೋವು. ಇನ್ನೂ ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಸವಾರಿ ಮುಗಿಸಿ ಜೀನು ತೆಗೆದಾಗ ಬೆನ್ನೆಲ್ಲ ಬೆವೆತು, ವಿದರ್ಸ್ ಪಕ್ಕ ಮಾತ್ರ ಅಂಗೈ ಅಗಲ ಒಣಗಿರುತ್ತಿತ್ತು. ಗಾಳಿ ಚೆನ್ನಾಗಿ ಆಡುತ್ತಿದೆ ಎಂದು ನಾನು ಖುಷಿಪಟ್ಟಿದ್ದೆ! ಒತ್ತಡ ಹೆಚ್ಚಾದ ಕಡೆ ಬೆವರೇ ಬರುವುದಿಲ್ಲ ಎಂಬುದು ಓದಿದ್ದ ವಿಷಯವೇ. ತಲೆಯಲ್ಲಿತ್ತು, ಕೈಗೆ ಬಂದಿರಲಿಲ್ಲ.

ಜೀನು ಎಲ್ಲೆಲ್ಲಿ ತಾಗುತ್ತದೆ ಎಂದು ನೋಡಲು ಬೆನ್ನಿಗೆ ರಂಗೋಲಿ ಪುಡಿ ಹಾಕೋಣ ಅಂದುಕೊಂಡೆ. ಅದು ಕಲ್ಲಿನ ಪುಡಿ, ನೊಂದ ಚರ್ಮವನ್ನು ಇನ್ನಷ್ಟು ಉಜ್ಜುತ್ತದೆ. ಅಡುಗೆಮನೆಯಿಂದ ಅಕ್ಕಿಹಿಟ್ಟು ಎತ್ತಿಕೊಂಡು ಬಂದೆ. ಬೆನ್ನ ಮೇಲೆ ಜರಡಿ ಹಿಡಿದು ತೆಳ್ಳಗೆ ಉದುರಿಸಿ, ಪ್ಯಾಡ್ ಇಲ್ಲದೆ ಜೀನನ್ನು ಮೇಲಿಂದ ನೇರ ಇಳಿಸಿ, ಒಂದು ಸಲ ಕೈಯಲ್ಲಿ ಒತ್ತಿ, ನೇರ ಎತ್ತಿ ತಿರುಗಿಸಿದೆ. ಹಿಟ್ಟು ಮೆತ್ತಿದ್ದು ಮುಂದೆ, ಜೀನಿನ ಮುಂದಿನ ಕಮಾನಾದ ಪಾಮೆಲ್‌ನ ಒಳಗಡೆ, ವಿದರ್ಸ್ ತಾಗುವ ತುದಿಯಲ್ಲಿ. ಅದರ ಕೆಳಗೆ, ಟ್ರೀ (ಜೀನಿನೊಳಗಿನ ಗಟ್ಟಿ ಚೌಕಟ್ಟು) ಭುಜದ ಹಿಂದೆ ಒರಗಿಕೊಳ್ಳಬೇಕಾದ ಕಡೆ, ತೊಗಲು ಕಪ್ಪಗೆ ಹಾಗೇ ಹೊಳೆಯುತ್ತಿತ್ತು. ಹಿಂದಿನ ಮೂರನೇ ಒಂದು ಭಾಗಕ್ಕೂ ಹಿಟ್ಟಿಲ್ಲ. ಜೀನು ಅಗಲ ಜಾಸ್ತಿ, ಮೂಗು ಕೆಳಗೆ ಮಾಡಿ ಬೀಳುತ್ತಿದೆ. ಸಪಾಟು ನೆಲದಲ್ಲಿ ಹೇಗೋ ಸಹಿಸುತ್ತಿದ್ದ. ಇಳಿಜಾರಿನಲ್ಲಿ ನನ್ನ 74 ಕೆಜಿಯೂ ಮುಂದಕ್ಕೆ ಬಂದರೆ ಎಲುಬಿನ ಮೇಲೇ ಕೂತ ಹಾಗೆ. ಖಾತ್ರಿಗೆ ತಂಗಿಯ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿ, ನಾನು ಒಂದೇ ಒಂದು ನಿಮಿಷ ಹತ್ತಿದೆ. ಕಣದಲ್ಲಿ ಪಾಮೆಲ್ ಕೆಳಗೆ ಅವಳ ಎರಡು ಬೆರಳು ಹೋಯಿತು. ದಾರಿಯ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದಾಗ ‘ಮಾಮ, ಬೆರಳು, ಬೆರಳು!’

ಅಕ್ಕಿಹಿಟ್ಟಿನ ಡಬ್ಬ ಖಾಲಿಯಾದ್ದರಿಂದ ಅವತ್ತು ಅಕ್ಕಿರೊಟ್ಟಿ ಇಲ್ಲ, ಉಪ್ಪಿಟ್ಟು.

ಜೀನು ಮಾರಿದವನ ಕತೆಗೆ ಬರುತ್ತೇನೆ. ಕಾನ್ಪುರದಿಂದ ತರಿಸಿದ್ದು, ಅಂಗಡಿಯ ಹೆಸರು ಬೇಡ. ನಾನು ಕೇಳಿದ್ದು ನ್ಯಾರೋ, ಅಂದರೆ ಕಿರಿದಾದ ಟ್ರೀ. ಬಿಲ್ಲಿನಲ್ಲೂ ನ್ಯಾರೋ. ಫ್ಲ್ಯಾಪ್ ಕೆಳಗೆ ‘ಎನ್’ ಎಂಬ ಸ್ಟಿಕರ್. ಉಗುರಲ್ಲಿ ಕೆರೆದರೆ ಅದರಡಿ ತೊಗಲಿನ ಮೇಲೆ ಒತ್ತಿದ ‘ಎಂ’, ಅಂದರೆ ಮೀಡಿಯಂ. ಫೋಟೊ ಕಳಿಸಿದೆ. ‘ಎಂ ಅಂದರೆ ಮಾಡೆಲ್ ನಂಬರ್ ಸರ್’ ಅಂತ ಉತ್ತರ. ಅಕ್ಕಿಹಿಟ್ಟಿನ ಫೋಟೊ ಕಳಿಸಿದೆ. ‘ಜೀನು ಸರಿಯಾಗಿದೆ ಸರ್, ಕುದುರೆ ಸೊರಗಿದೆ. ಚೆನ್ನಾಗಿ ತಿನ್ನಿಸಿ, ತಾನಾಗಿ ಫಿಟ್ ಆಗುತ್ತೆ.’ ಇದರಲ್ಲಿ ಸಿಟ್ಟು ಬರಿಸುವ ಸಂಗತಿ ಎಂದರೆ ಅದು ಅರ್ಧ ನಿಜ. ರೇಸ್ ಬಿಟ್ಟ ಕುದುರೆಯ ಬೆನ್ನು ತಿಂಗಳುಗಟ್ಟಲೆ ಬದಲಾಗುತ್ತಲೇ ಇರುತ್ತದೆ. ಇವತ್ತಿನ ಅಳತೆ ದೀಪಾವಳಿಗೆ ಸರಿಹೋಗುವುದಿಲ್ಲ. ಆದರೂ ಎಂ ಎನ್ ಆಗುವುದಿಲ್ಲವಲ್ಲ ಮಾರಾಯ.

ಬದಲಿ ಬರುವವರೆಗೆ ಕಂಬಳಿ. ಅರಸೀಕೆರೆ ಕಡೆಯಿಂದ ತಂದ ಕರೀ ಕುರಿ ಉಣ್ಣೆಯ ಕಂಬಳಿ, ಅಪ್ಪನ ಕಾಲದ್ದು. ಅದರಿಂದ ಎರಡು ಪಟ್ಟಿ ಕತ್ತರಿಸಿ, ಮಡಚಿ ಹೊಲಿದು, ಅಂಚನ್ನು ತೆಳ್ಳಗೆ ಮಾಡಿ ಪ್ಯಾಡಿನ ಮುಂಭಾಗಕ್ಕೆ ಮಾತ್ರ ಸೇರಿಸಿದೆ. ಬೆನ್ನುಮೂಳೆಯ ಮೇಲೆ ಏನೂ ಇಲ್ಲ, ನಡುವೆ ನಾಲ್ಕು ಬೆರಳು ಖಾಲಿ. ಒಂದು ಎಚ್ಚರ: ಇದು ಅಗಲ ಜೀನಿಗೆ ಮಾತ್ರದ ಮದ್ದು. ಬಿಗಿ ಜೀನಿಗೆ ಕಂಬಳಿ ತುರುಕಿದರೆ ಬಿಗಿ ಚಪ್ಪಲಿಗೆ ದಪ್ಪ ಕಾಲುಚೀಲ ಹಾಕಿದ ಹಾಗೆ.

ಕಂಬಳಿ ಹುಡುಕಲು ಅಟ್ಟ ಹತ್ತಿದಾಗ ಸಿಕ್ಕಿದ್ದು ಬೇರೆಯೇ. ಜಟಕಾ ಗಾಡಿಯ ಎರಡು ಚಕ್ರ! ಹದಿನಾಲ್ಕು ಅರ, ಎರಡು ಮಾತ್ರ ಗೆದ್ದಲು ತಿಂದಿದೆ, ನಡುವಿನ ಗುಂಬ ಗಟ್ಟಿ. ಅಜ್ಜನ ಕಾಲದಲ್ಲಿ ಇದೇ ಗಾಡಿ ಬೇಲೂರಿಗೆ ಹೋಗುತ್ತಿತ್ತಂತೆ. ಯಾವುದಕ್ಕೂ ಬೆಚ್ಚದ ಚುಕ್ಕಿ ಇರುವಾಗ ಇದನ್ನು ಅಟ್ಟದಲ್ಲಿ ಬಿಡುವುದುಂಟೇ? ಮೈಸೂರಿನಲ್ಲಿ ಇನ್ನೂ ಟಾಂಗಾ ಓಡುತ್ತಿವೆ, ಅಲ್ಲಿ ಹೋಗಿ ಮೂಕಿಮರದ ಎತ್ತರ, ಪಟ್ಟಿ ಕಟ್ಟುವ ಕ್ರಮ ಅಳೆದುಕೊಂಡು ಬರಬೇಕು. ಚಕ್ರಕ್ಕೆ ಕಬ್ಬಿಣದ ಹಳಿ ಹಾಕುವ ಕಮ್ಮಾರರು ಚನ್ನರಾಯಪಟ್ಟಣದ ಕಡೆ ಒಬ್ಬರಿದ್ದಾರೆ ಎಂದು ಸುದ್ದಿ. ಅದು ಮುಂದಿನ ಕಂತು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಹತ್ತು ದಿನ ಕೆಂಚನ ಬೆನ್ನಿಗೆ ಪೂರ್ತಿ ರಜೆ. ಮುಖಕ್ಕೆ ಬರೀ ಹಾಲ್ಟರ್ ಹಗ್ಗ ಹಾಕಿ ಮೋರಿ ದಾಟಿಸಿ ಗದ್ದೆ ಬದಿ ಮೇಯಿಸಿದೆ. ಮೊದಲ ದಿನವೇ ಆಕಳಿಸುತ್ತಾ ದಾಟಿದ. ಒತ್ತಿದರೆ ಚರ್ಮ ಅದುರುವುದು ನಿಂತ ಮೇಲೆ ಕಂಬಳಿ ಪ್ಯಾಡ್, ಜೀನು ಹಾಕಿ ನಡೆಸಿದೆ, ಸವಾರ ಮಾತ್ರ ಇಲ್ಲ. ಆಗ ಒಮ್ಮೆ ನಿಂತ, ಹಳೇ ನೆನಪು. ಕಾದೆ, ಬಂದ. ನಡುವೆ ನೆಂಟರನ್ನು ಹಳೇಬೀಡಿಗೆ ಕರೆದೊಯ್ಯಬೇಕಾಯಿತು. ಗೋಡೆಯ ಬುಡದಲ್ಲಿ ಆನೆ ಸಾಲು, ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸವಾರರ ಸಾಲು. ಎಲ್ಲರೂ ಗೈಡ್ ಹಿಂದೆ ಮುಂದೆ ಹೋದರೂ ನಾನು ಮಾತ್ರ ಬಗ್ಗಿ ಒಂದೊಂದೇ ಕುದುರೆಯ ವಿದರ್ಸ್ ನೋಡುತ್ತಾ ಹಿಂದುಳಿದೆ.

ಇವತ್ತು ಹತ್ತಿದೆ. ಇಳಿಜಾರಿನಲ್ಲಿ ಲಗಾಮು ಸಡಿಲ ಬಿಟ್ಟು, ಉಸಿರು ಮಾತ್ರ ಬಿಗಿ ಹಿಡಿದು ಕೂತೆ. ಕಿವಿ ಒಂದು ಮುಂದೆ, ಒಂದು ನನ್ನ ಕಡೆ. ಗೊರಸು ಮಣ್ಣಿಗೆ ಬಿದ್ದ ಸದ್ದು ಬದಲಾಯಿತು, ಮತ್ತೆ ಬದಲಾಯಿತು, ಎದುರಿಗೆ ಗದ್ದೆ. ಜೀನು ತೆಗೆದಾಗ ಬೆನ್ನು ಪೂರ್ತಿ ಒಂದೇ ಸಮ ಒದ್ದೆ. ಅಷ್ಟು ಚಂದದ ಬೆವರು ನಾನು ನೋಡಿಲ್ಲ.

ಹಿಂದೆ ಬರುತ್ತಿದ್ದ ಚುಕ್ಕಿ ಮಾತ್ರ ಮೋರಿ ಮೇಲೆ ಜಾರಿ, ಮುಂಗಾಲು ಮಡಚಿ ಹೇಗೋ ಸಾವರಿಸಿಕೊಂಡಳು. ಮೊನ್ನೆಯ ಮಳೆಗೆ ಅರ್ಧ ಅಡಿ ಮಣ್ಣು ಬೆಣ್ಣೆಯಾಗಿದೆ, ಅವಳ ಗೊರಸಿಗೆ ಹಿಡಿತ ಸಿಗಲಿಲ್ಲ. ವಾಪಸು ಬರುವಾಗ ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು. ಮಣ್ಣು ಕೆರೆದು ಸಾಗಿಸಲು ನಾಳೆಗೆ ಅದೇ ಟ್ರ್ಯಾಕ್ಟರಿನವನಿಗೆ ಹೇಳಿದ್ದೇನೆ. ತಂದದ್ದಕ್ಕಿಂತ ಇನ್ನೂರು ರೂಪಾಯಿ ಜಾಸ್ತಿ ಕೇಳಿದ.