ಬೆಳವಣಿಗೆ ಮುಗಿದ ಮೇಲಿನ ಎಕ್ಸ್‌ರೇ

ಮಗನ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಮಾಡಿದ್ದ ವೈದ್ಯರು, ಅದು ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ಅವನ ಎಲುಬುಗಳು ಬೆಳೆದು ಮುಗಿದ ಮೇಲೆಯೇ ಹೇಳಲು ಸಾಧ್ಯ ಎಂದಿದ್ದರು. ಆ ಉತ್ತರ ಕೇಳಲೆಂದು ಕಳೆದ ಬೇಸಿಗೆಯಲ್ಲಿ ಅವನೊಂದಿಗೆ ಆಸ್ಪತ್ರೆಗೆ ಹೋದೆ.

ಅವನಿಗೆ ಪರ್ಥಿಸ್ ಕಾಯಿಲೆ ಬಂದದ್ದು 8ನೆಯ ವಯಸ್ಸಿನಲ್ಲಿ. ಮೊದಮೊದಲು ಮಂಡಿ ನೋವೆಂದೇ ಹೇಳುತ್ತಿದ್ದ. ಸೊಂಟದ ತೊಂದರೆ ಮಂಡಿಯ ನೋವಾಗಿ ಕಾಣಿಸಿಕೊಳ್ಳುವುದು ಈ ಕಾಯಿಲೆಯ ಚಾಳಿ. ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅಲ್ಲಿನ ಎಲುಬು ಸಾಯುತ್ತದೆ, ಎರಡು ಮೂರು ವರ್ಷಗಳಲ್ಲಿ ಹೊಸ ಎಲುಬು ತಾನಾಗಿಯೇ ತುಂಬಿಕೊಳ್ಳುತ್ತದೆ. ಆದರೆ ಈ ನಡುವೆ ಹಸಿಮಣ್ಣಿನ ಉಂಡೆಯಂತೆ ಮೆತ್ತಗಾಗಿರುವ ತಲೆ ಮೈಭಾರಕ್ಕೆ ಚಪ್ಪಟೆಯಾದರೆ ಅದೇ ಆಕಾರದಲ್ಲಿ ಗಟ್ಟಿಯಾಗಿಬಿಡುತ್ತದೆ. ಹಾಗಾಗದಂತೆ ತೊಡೆಮೂಳೆಯನ್ನು ಕತ್ತರಿಸಿ, ಓರೆ ಮಾಡಿ, ಪ್ಲೇಟ್ ಹಾಕಿ, ತಲೆಯನ್ನು ಕೀಲಿನ ಬಟ್ಟಲೊಳಗೇ ನಿಲ್ಲಿಸಿದ್ದರು. ನಮ್ಮ ಕರಾವಳಿಯಲ್ಲಿ ಈ ಕಾಯಿಲೆ ಹೆಚ್ಚು, ಪಾಶ್ಚಾತ್ಯ ದೇಶಗಳಿಗಿಂತ ತುಸು ತಡವಾಗಿ ಶುರುವಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ತಡವಾದಷ್ಟೂ ಆಕಾರ ತಿದ್ದಿಕೊಳ್ಳಲು ಉಳಿದಿರುವ ಬೆಳವಣಿಗೆಯ ಕಾಲ ಕಡಿಮೆ.

ವೈದ್ಯರು ಹಳೆಯ, ಹೊಸ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ತಲೆ ಪೂರ್ತಿ ಗುಂಡಗಾಗಿರಲಿಲ್ಲ, ಸ್ವಲ್ಪ ಮೊಟ್ಟೆಯಾಕಾರ. ಆದರೆ ಬಟ್ಟಲೂ ಅದಕ್ಕೆ ತಕ್ಕಂತೆ ಬೆಳೆದು ಹೊಂದಿಕೊಂಡಿತ್ತು. ಈ ಕಾಯಿಲೆ ವಾಸಿಯಾದ ಕೀಲುಗಳ ಆಕಾರ ನೋಡಿ 1981ರಲ್ಲಿ ಸ್ಟಲ್‌ಬರ್ಗ್ ಎಂಬ ವೈದ್ಯರು ಮತ್ತು ಸಂಗಡಿಗರು ಮಾಡಿದ ವಿಂಗಡಣೆಯ ಪ್ರಕಾರ, ಇಂಥ ಕೀಲು ನಡುಹರೆಯ ದಾಟುವವರೆಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ತಲೆ ಚಪ್ಪಟೆಯಾಗಿ ಬಟ್ಟಲು ಮಾತ್ರ ಗುಂಡಗೆ ಉಳಿದರೆ 50ಕ್ಕೆ ಮೊದಲೇ ತೀವ್ರ ಸಂಧಿವಾತ ಬರುತ್ತದೆ. ಅಮೆರಿಕದ ಐಯೋವಾದಲ್ಲಿ ಈ ಕಾಯಿಲೆ ಬಂದು ಸುಮಾರು 48 ವರ್ಷ ಕಳೆದ ಹಳೆಯ ರೋಗಿಗಳನ್ನು ಪರೀಕ್ಷಿಸಿದಾಗ, ಶೇಕಡ 40ರಷ್ಟು ಮಂದಿಗೆ ಕೀಲು ಬದಲಾವಣೆ ಆಗಿತ್ತಂತೆ. ಅಷ್ಟು ವರ್ಷಗಳ ಲೆಕ್ಕ ನೋಡಲು ನಾನಂತೂ ಇರುವುದಿಲ್ಲ ಎಂಬುದು ಆಗಲೇ ಮನಸ್ಸಿಗೆ ನಾಟಿದ್ದು.

ಮಗನಿಗೆ ಈ ಅಂಕಿಗಳು ಬೇಕಿರಲಿಲ್ಲ. "ವಾಲಿಬಾಲ್ ಆಡಬಹುದಾ ಡಾಕ್ಟ್ರೇ?" ಎಂದ. ಅವರು ಅವನನ್ನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಹೇಳಿದರು. ಕೂತ, ಎಡ ಮಂಡಿ ಮಾತ್ರ ನೆಲಕ್ಕೆ ತಾಗಲಿಲ್ಲ. ಊಟದ ಪಂಕ್ತಿಯಲ್ಲಿ ಕೂರುವವರಿಗೆ ಯಾವ ವಿಂಗಡಣೆಗಿಂತಲೂ ಈ ಪರೀಕ್ಷೆಯೇ ಹೆಚ್ಚು ಅರ್ಥವಾಗುತ್ತದೆ. ಕಾಲು ಒಂದು ಸೆಂಟಿಮೀಟರಿನಷ್ಟು ಗಿಡ್ಡ, ಅದಕ್ಕೆ ಚಪ್ಪಲಿ ಎತ್ತರಿಸುವ ಅಗತ್ಯವೂ ಇಲ್ಲ ಎಂದರು. ಆಡಲಿ, ತೂಕ ಏರದಂತೆ ನೋಡಿಕೊಳ್ಳಲಿ, ತೊಡೆಸಂದಿಯಲ್ಲಿ ನೋವು ಶುರುವಾದರೆ ಕೂಡಲೇ ಬರಲಿ, ಇಲ್ಲದಿದ್ದರೆ ಕೆಲವು ವರ್ಷಗಳಿಗೊಮ್ಮೆ ಎಕ್ಸ್‌ರೇ ಸಾಕು ಎಂದು ಹೇಳಿ, ಚಿತ್ರಗಳ ಪ್ರತಿಯನ್ನು ನನ್ನ ಬದಲು ಅವನ ಕೈಗೇ ಕೊಟ್ಟರು.