ವಾರಂಟಿನಲ್ಲಿ ಇಲ್ಲದ ಶೆಡ್ಡು

ಹಳೆ ಕಾರುಗಳ ಆ ವ್ಯಾಪಾರಿ ಶೋಧನೆಯ ವಾರಂಟನ್ನು ಕೈಗೆ ತೆಗೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದ. ಆಮೇಲೆ, ‘ಸರ್, ಇದರಲ್ಲಿ ಮಳಿಗೆ ಇದೆ, ಶೆಡ್ ಇಲ್ಲವಲ್ಲ’ ಎಂದ. ಸಾರಿಗೆ ಇಲಾಖೆಯಲ್ಲಿ ಹದಿನಾಲ್ಕು ವರ್ಷ ಚಾಸಿಸ್ ನಂಬರಿನ ಒಂದೊಂದು ಅಕ್ಷರವನ್ನೂ ಟಾರ್ಚ್ ಹಿಡಿದು ತಾಳೆ ನೋಡಿದವನು ನಾನು. ನಾನೇ ಕೇಳಿ ತಂದ ಕಾಗದವನ್ನು ಅಷ್ಟು ಗಮನವಿಟ್ಟು ಓದಿರಲಿಲ್ಲ.

ದೂರು ಕೊಟ್ಟವರು ಒಬ್ಬ ನಿವೃತ್ತ ಮೇಷ್ಟ್ರು. ಮಾಲೀಕತ್ವ ವರ್ಗಾಯಿಸುವ 29, 30ನೇ ನಮೂನೆಗಳಿಗೆ ಸಹಿ ಹಾಕಿ ಈ ವ್ಯಾಪಾರಿಗೆ ಕಾರು ಕೊಟ್ಟಿದ್ದರು. ಕಾರು ಎಲ್ಲೆಲ್ಲೋ ಓಡುತ್ತಿತ್ತು, ಚಲನ್ ಮಾತ್ರ ಇವರ ಮೊಬೈಲಿಗೇ ಬರುತ್ತಿತ್ತು. ಇದನ್ನು ತಡೆಯಲೆಂದೇ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ: ಹಳೆ ವಾಹನ ಮಾರುವವನಿಗೆ ಅಧಿಕಾರ ಪತ್ರ ಬೇಕು, 29ಸಿ ನಮೂನೆ ಹಾಕಿ ಅವನಿಗೆ ವಾಹನ ಒಪ್ಪಿಸಿದ ಮೇಲೆ ಹೊಣೆ ಅವನದೇ. ಈ ವ್ಯಾಪಾರಿಗೆ ಅಧಿಕಾರ ಪತ್ರವೇ ಇರಲಿಲ್ಲ.

ಮೋಟಾರು ವಾಹನ ಕಾಯ್ದೆಯ ಕಲಂ 213ರ ಪ್ರಕಾರ ವಾರಂಟ್ ಇಲ್ಲದೆ ಶೋಧನೆ ಮಾಡಬೇಕಾದರೆ ಗೆಜೆಟೆಡ್ ಅಧಿಕಾರಿಯೇ ಆಗಬೇಕು. ವಾರಂಟ್ ಏಕೆ ಪಡೆಯಲಿಲ್ಲ ಎಂದು ಬರೆದಿಟ್ಟು ಮೇಲಧಿಕಾರಿಗೆ ವರದಿಯನ್ನೂ ಕೊಡಬೇಕು. ಗೆಜೆಟೆಡ್ ಅಧಿಕಾರಿಯಾದ ನಮ್ಮ ಸಾಹೇಬರಿಗೆ ಹಾಗೆ ಬರೆದಿಡುವುದೆಂದರೆ ಆಗದು. ‘ನೀವೇ ಕೋರ್ಟಿನಿಂದ ತಂದುಬಿಡಿ’ ಎಂದರು. ನಾನು ಅರ್ಧ ಗಂಟೆಯಲ್ಲಿ ಕೋರಿಕೆ ಬರೆದೆ. ವಿಳಾಸವನ್ನು ಎಲ್ಲಿಂದ ತೆಗೆದೆ ಎಂದರೆ, ಮೇಷ್ಟ್ರು ಕೊಟ್ಟ ವ್ಯಾಪಾರಿಯ ವಿಸಿಟಿಂಗ್ ಕಾರ್ಡಿನಿಂದ.

ಡಿಸೆಂಬರ್ ತಿಂಗಳು, ನಾಲ್ಕು ಗಂಟೆಗೆ ಹೋದೆವು. ಸಾಕ್ಷಿಗೆ ಪಂಚರಿಬ್ಬರು ಸಿಕ್ಕರು. 2024ರ ಜುಲೈ 1ರಿಂದ ಶೋಧನೆಯ ವಿಡಿಯೊ ಕಡ್ಡಾಯ. ಯಾರ ಫೋನಿನಲ್ಲಿ ಎಂದು ಕಚೇರಿಯಲ್ಲಿ ಯಾರೂ ಹೇಳುವುದಿಲ್ಲ. ನನ್ನ ಫೋನಿನಲ್ಲಿ ಜಾಗ ಸಾಲದೆ ಮಗಳ ನೃತ್ಯದ ವಿಡಿಯೊ ಅಳಿಸಿದೆ. ಮಳಿಗೆಯಲ್ಲಿ ಮೂರು ಕಾರು, ಒಂದು ಮೇಜು, ಒಂದು ರಿಜಿಸ್ಟರ್. ಆ ರಿಜಿಸ್ಟರಿನಲ್ಲೇ ಮುಳುಗಿ ಒಂದೂಕಾಲು ಗಂಟೆ ಕಳೆದೆ. ತಲೆ ಎತ್ತಿದಾಗ ಹಿಂದಿನ ಕಿಟಕಿಯಲ್ಲಿ ಶೆಡ್ ಕಂಡಿತು. ಟಾರ್ಪಾಲಿನ್ ಹೊದ್ದ ಕಾರುಗಳು, ಸಾಲು ಸಾಲು.

ವ್ಯಾಪಾರಿ ವಾರಂಟನ್ನು ಬೆರಳಿಟ್ಟು ಓದಿದ್ದು ಆಗಲೇ. ಶೆಡ್ ಅವನ ಬಾವಮೈದುನನ ಹೆಸರಿನಲ್ಲಿತ್ತು, ಖಾತೆಯೂ ಬೇರೆ.

ಸಾಹೇಬರಿಗೆ ಫೋನ್ ಮಾಡಿದೆ. ಡಿಸಿ ಕಚೇರಿಯ ಸಭೆಯಲ್ಲಿದ್ದರು. ‘ಅಲ್ಲೇ ಇರಿ, ನಾನೇ ಬರುತ್ತೇನೆ’ ಎಂದರು. ಇನ್ನೊಂದು ತೊಡಕಿತ್ತು. ಬರೀ ದಂಡದ ಅಪರಾಧವಾದರೆ ಸೂರ್ಯ ಮುಳುಗಿದ ಮೇಲೆ ಶೋಧನೆ ಮಾಡುವಂತಿಲ್ಲ. ನಮ್ಮದು ಬರೀ ದಂಡದ್ದೇ. 5.20, 5.35, 5.50. ಎದುರಿನ ತೆಂಗಿನ ಗರಿಗಳ ಮೇಲಿನ ಬಿಸಿಲು ಮೇಲೇರುತ್ತ ಹೋಯಿತು. ಗಡಿಯಾರಕ್ಕಿಂತ ಹೆಚ್ಚು ಸಲ ಅದನ್ನೇ ನೋಡಿದೆ. ವ್ಯಾಪಾರಿ ಬಂದು, ‘ಸಕ್ಕರೆ ಕಡಿಮೆ ಹಾಕಿಸಲೇ ಸರ್?’ ಎಂದು ಚಹಾ ಕೊಟ್ಟ. ನಾನು ಕುಡಿದೆ. ಅದನ್ನು ಏಕೆ ಕುಡಿದೆನೋ ಇವತ್ತಿಗೂ ತಿಳಿಯದು.

ಜೀಪು ಬಂದಾಗ 6.10. ಸಾಹೇಬರು ಆಕಾಶ ನೋಡಿ, ‘ಇನ್ನೂ ಬೆಳಕಿದೆಯಲ್ಲ’ ಎಂದರು. ‘ಬೆಳಕಲ್ಲ ಸರ್, ಸೂರ್ಯಾಸ್ತ’ ಎಂದೆ. ಆಮೇಲೆ ಯಾರೂ ಮಾತಾಡಲಿಲ್ಲ. ರಾತ್ರಿ ಕಾವಲಿಗೆ ಗೃಹರಕ್ಷಕನೊಬ್ಬನನ್ನು ಮುಂಬಾಗಿಲಿನಲ್ಲಿ ಕೂರಿಸಿ ಬಂದೆ. ಶೆಡ್ಡಿಗೆ ಹಿಂದಿನ ಓಣಿಗೆ ತೆರೆಯುವ ಗೇಟಿದೆ ಎಂದು ಗೊತ್ತಾದದ್ದು ಬೆಳಗ್ಗೆ, ತೊಳೆದು ಒಣಗಿದ ಖಾಲಿ ನೆಲ ಕಂಡಾಗ.

ಉಳಿದದ್ದು ರಿಜಿಸ್ಟರ್ ಮತ್ತು ಕಲಂ 177. ಮೊದಲ ಸಲಕ್ಕೆ ಕಾಯ್ದೆ ಹೇಳುವ ಗರಿಷ್ಠ ದಂಡ 500 ರೂಪಾಯಿ. ನಮ್ಮ ಜೀಪಿನ ಡೀಸೆಲ್ಲಿಗೂ ಸಾಲದು. ಈಗ ಕೋರಿಕೆ ಬರೆಯುವ ಮುಂಚೆ ಮಫ್ತಿಯಲ್ಲಿ ಹೋಗಿ ಸುತ್ತಲೂ ನಡೆದು ಬರುತ್ತೇನೆ. ಖಾತೆ ಸಂಖ್ಯೆ, ಹಿತ್ತಲು, ಗೇಟು, ಚಕ್ಕುಬಂದಿ, ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ಹೊರಡುವುದೂ ಬೆಳಗ್ಗೆಯೇ.

ಮೂರು ತಿಂಗಳ ಮೇಲೆ ಆ ವ್ಯಾಪಾರಿ ಅಧಿಕಾರ ಪತ್ರಕ್ಕೆ ಅರ್ಜಿ ಹಾಕಿದ. ಸ್ಥಳ ನೋಡಿ ಬರಲು ಸಾಹೇಬರು ನನ್ನನ್ನೇ ಕಳಿಸಿದರು. ಅರ್ಜಿಯ ಜೊತೆ ನಕ್ಷೆಯೊಂದಿತ್ತು. ಅದರಲ್ಲಿ ಶೆಡ್ಡಿನ ನಾಲ್ಕೂ ದಿಕ್ಕಿನ ಚಕ್ಕುಬಂದಿ, ಹಿಂದಿನ ಗೇಟು ಸಮೇತ, ಕರಾರುವಾಕ್ಕಾಗಿ ಬರೆದಿತ್ತು.